ತಪ್ಪಿದ ದಿನದ ಮಾರನೆಯ ದಿನ

ರಾತ್ರಿ ಊಟ ಮುಗಿದು ಮನೆಮಂದಿಯೆಲ್ಲ ಮಲಗುವ ಹೊತ್ತಿನಲ್ಲಿ ಒಬ್ಬರು ಮಾತ್ರ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡಾಡುತ್ತಿರುವುದನ್ನು ಈಗ ಎಷ್ಟೋ ಮನೆಗಳಲ್ಲಿ ನೋಡಬಹುದು. ಕೈಗೆ ಕಟ್ಟಿದ ವಾಚು 9,300 ತೋರಿಸುತ್ತಿರುತ್ತದೆ. ಇನ್ನು ಏಳುನೂರು ಹೆಜ್ಜೆ ಆಗಬೇಕು. ಆಯಿತೆಂದರೆ ಮಣಿಕಟ್ಟಿನಲ್ಲಿ ಒಂದು ಕಂಪನ, ಪರದೆಯ ಮೇಲೆ ಒಂದಿಷ್ಟು ಬಣ್ಣ. ಅಲ್ಲಿಗೆ ಆ ದಿನದ ಲೆಕ್ಕ ಚುಕ್ತಾ. ಹೀಗೆ ನಡೆಯುವವರನ್ನು ಕಂಡು ನಗುವವರಿದ್ದಾರೆ. ನನಗೆ ಮಾತ್ರ ಹೀಗೆ ನಡೆಯುವವರ ಮೇಲೆ ಗೌರವವಿದೆ. ಇಡೀ ದಿನ ಕುರ್ಚಿಯಲ್ಲಿ ಕೂತು ದಣಿದ ಮೈಯನ್ನು ರಾತ್ರಿ ಹತ್ತು ಗಂಟೆಗೆ ಮತ್ತೆ ಎಬ್ಬಿಸುವುದು ಸುಲಭವಲ್ಲ. ಆ ಕೆಲಸವನ್ನು ಒಂದು ಅಂಕಿ ಮಾಡಿಸುತ್ತಿದೆ ಎಂದಮೇಲೆ, ಆ ಅಂಕಿ ಎಲ್ಲಿಂದ ಬಂತು, ನಮ್ಮನ್ನು ಹೇಗೆ ನಡೆಸುತ್ತದೆ, ಯಾವ ದಿನ ಕೈಕೊಡುತ್ತದೆ ಎಂದು ವಿಚಾರಿಸುವುದು ನ್ಯಾಯ.

1964ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು. ಏಷ್ಯಾ ಖಂಡದಲ್ಲಿ ಒಲಿಂಪಿಕ್ಸ್ ನಡೆದದ್ದು ಅದೇ ಮೊದಲು. ಜಪಾನಿನಲ್ಲಿ ವ್ಯಾಯಾಮದ ಮಾತು ಮನೆಮನೆಗೆ ಬಂದಿದ್ದ ಆ ಕಾಲದಲ್ಲಿ, ಮರುವರ್ಷವೇ, ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ‘ಮಾನ್‌ಪೊ-ಕೇ’, ಹತ್ತು ಸಾವಿರ ಹೆಜ್ಜೆಯ ಮೀಟರ್. ನಡಿಗೆಯ ಕ್ಲಬ್ಬುಗಳು ಆ ಅಂಕಿಯನ್ನು ಹಿಡಿದುಕೊಂಡವು. ಯೋಶಿರೊ ಹಟಾನೊ ಎಂಬ ಜಪಾನಿ ಸಂಶೋಧಕರು ಹತ್ತು ಸಾವಿರ ಹೆಜ್ಜೆಗೆ ಸುಮಾರು 300 ಕಿಲೊಕ್ಯಾಲರಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿ ಅದಕ್ಕೊಂದು ಆಧಾರ ಒದಗಿಸಿದರು. ಆದರೆ 9,999 ಹೆಜ್ಜೆಗೆ ಇಲ್ಲದ ಯಾವ ಗುಣವೂ 10,000ಕ್ಕೆ ಇರಲಿಲ್ಲ. ನೆನಪಿನಲ್ಲಿ ಉಳಿಯುವ ದುಂಡು ಸಂಖ್ಯೆಯಾದ್ದರಿಂದ ಅದು ಪ್ರಪಂಚ ಸುತ್ತಿತು, ಅರ್ಧ ಶತಮಾನದ ಮೇಲೆ ನಮ್ಮ ಮೊಬೈಲಿಗೂ ಬಂದು ಕೂತಿತು.

ದೇಹಕ್ಕೆ ನಿಜವಾಗಿ ಎಷ್ಟು ಹೆಜ್ಜೆ ಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗಲು ಇಷ್ಟೂ ವರ್ಷ ಬೇಕಾಯಿತು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16,741 ಹಿರಿಯ ಮಹಿಳೆಯರಿದ್ದರು. ಅವರ ಸರಾಸರಿ ವಯಸ್ಸು 72. ಒಂದು ವಾರ ಅವರ ಸೊಂಟಕ್ಕೆ ಹೆಜ್ಜೆ ಅಳೆಯುವ ಸಾಧನ ಕಟ್ಟಿ, ಆಮೇಲೆ ನಾಲ್ಕು ವರ್ಷಕ್ಕೂ ಮಿಕ್ಕಿ ಅವರ ಆರೋಗ್ಯವನ್ನು ಗಮನಿಸಿದರು. ದಿನಕ್ಕೆ 2,700 ಹೆಜ್ಜೆಯ ಆಸುಪಾಸಿನಲ್ಲಿದ್ದವರಿಗೆ ಹೋಲಿಸಿದರೆ 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿ, 7,500ರ ಹೊತ್ತಿಗೆ ಗೆರೆ ಚಪ್ಪಟೆಯಾಯಿತು. 2022ರಲ್ಲಿ ಹದಿನೈದು ಅಧ್ಯಯನಗಳ ಸುಮಾರು 47,000 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಅರವತ್ತು ದಾಟಿದವರಲ್ಲಿ 6,000ದಿಂದ 8,000, ಅದಕ್ಕಿಂತ ಚಿಕ್ಕವರಲ್ಲಿ 8,000ದಿಂದ 10,000 ಹೆಜ್ಜೆಯ ನಡುವೆ ಈ ಗೆರೆ ಚಪ್ಪಟೆಯಾಗುವುದು ಕಂಡಿತು. ಇವು ಜನರನ್ನು ಗಮನಿಸಿ ಮಾಡಿದ ಅಧ್ಯಯನಗಳು, ಪ್ರಯೋಗಗಳಲ್ಲ. ಹೆಚ್ಚು ನಡೆಯುವವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದು. ಆ ಎಚ್ಚರವನ್ನು ಇಟ್ಟುಕೊಂಡೇ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು: ಅತಿ ಹೆಚ್ಚು ಲಾಭ ಇರುವುದು ಮೊದಲ ಒಂದೆರಡು ಸಾವಿರ ಹೆಚ್ಚುವರಿ ಹೆಜ್ಜೆಗಳಲ್ಲಿ. ಏನೂ ನಡೆಯದವರು ಸ್ವಲ್ಪ ನಡೆದರೆ ಸಿಗುವಷ್ಟು ಫಲ, ಚೆನ್ನಾಗಿ ನಡೆಯುವವರು ಇನ್ನಷ್ಟು ನಡೆದರೆ ಸಿಗುವುದಿಲ್ಲ.

ಹಾಗಿದ್ದರೆ ಎಣಿಸುವುದರಿಂದ ಉಪಯೋಗವಿದೆಯೇ? ಇದೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ದೀನಾ ಬ್ರವಾಟಾ ಮತ್ತು ಸಹೋದ್ಯೋಗಿಗಳು ಹೆಜ್ಜೆ ಎಣಿಸುವ ಪೆಡೋಮೀಟರ್ ಕುರಿತ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಾಧನ ಕಟ್ಟಿಕೊಂಡವರ ನಡಿಗೆ ಮೊದಲಿಗಿಂತ ಸುಮಾರು ಶೇ 27ರಷ್ಟು ಹೆಚ್ಚಿತ್ತು. ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆ. ಅದರಲ್ಲೊಂದು ಮುಖ್ಯವಾದ ವ್ಯತ್ಯಾಸವಿತ್ತು. ಇಷ್ಟು ನಡೆಯುತ್ತೇನೆ ಎಂಬ ಗುರಿ ಇಟ್ಟುಕೊಂಡವರಲ್ಲಿ ಹೆಜ್ಜೆ ಹೆಚ್ಚಿತು. ಗುರಿಯಿಲ್ಲದೆ ಸುಮ್ಮನೆ ಎಣಿಸಿದವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಗುರಿ ಹತ್ತು ಸಾವಿರವೇ ಆಗಬೇಕೆಂದೂ ಇರಲಿಲ್ಲ.

ಆ ಹಳೆಯ ಪೆಡೋಮೀಟರಿನೊಳಗೆ ಸ್ಪ್ರಿಂಗಿಗೆ ಕಟ್ಟಿದ ಸಣ್ಣ ಕಡ್ಡಿಯೊಂದು ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಕುಣಿದು ಲೆಕ್ಕವನ್ನು ಒಂದೊಂದೇ ಮುಂದೂಡುತ್ತಿತ್ತು. ಈಗಿನ ವಾಚಿನಲ್ಲಿ ಅದೇ ಕೆಲಸವನ್ನು ಸಿಲಿಕಾನ್ ಚಿಪ್ಪಿನೊಳಗೆ ಕೆತ್ತಿದ, ಕೂದಲೆಳೆಗಿಂತ ಸಣ್ಣ ಸ್ಪ್ರಿಂಗುಗಳ ಮೇಲೆ ನಿಂತ ತೂಕವೊಂದು ಮಾಡುತ್ತದೆ. ಡ್ರೈವರ್ ಬ್ರೇಕ್ ಒತ್ತಿದಾಗ ಬಸ್ಸಿನಲ್ಲಿ ನಿಂತವರೆಲ್ಲ ಮುಂದಕ್ಕೆ ವಾಲುವಂತೆ, ಕೈ ಬೀಸಿದಾಗಲೆಲ್ಲ ಆ ತೂಕ ಒಂದಿಷ್ಟು ಜರುಗುತ್ತದೆ. ಜರುಗಿದಾಗ ಪಕ್ಕದ ಫಲಕಗಳ ನಡುವಿನ ಅಂತರ ಬದಲಾಗಿ ವಿದ್ಯುತ್ ಧಾರಕತೆ ಏರುಪೇರಾಗುತ್ತದೆ. ಮೂರು ದಿಕ್ಕುಗಳಲ್ಲೂ ಹೀಗೆ ಅಳೆದು, ಸೆಕೆಂಡಿಗೆ ಸುಮಾರು ಎರಡು ಸಲ ಬರುವ ಲಯಬದ್ಧ ಏರಿಳಿತವನ್ನು ಹೆಕ್ಕಿ, ಅದನ್ನು ಹೆಜ್ಜೆ ಎಂದು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಹೆಜ್ಜೆಯನ್ನು ಅದು ಕಣ್ಣಾರೆ ಕಂಡಿಲ್ಲ, ಊಹಿಸಿದೆ. ಆದ್ದರಿಂದಲೇ ಚಪಾತಿ ಲಟ್ಟಿಸುವಾಗ ಒಂದಷ್ಟು ಹೆಜ್ಜೆ ಸೇರಿಬಿಡಬಹುದು. ಮಗುವಿನ ತಳ್ಳುಗಾಡಿ ಹಿಡಿದು ನಡೆದಾಗ ಕೈ ಅಲುಗದೆ ನಿಜವಾದ ಹೆಜ್ಜೆಗಳು ಬಿಟ್ಟುಹೋಗಬಹುದು. ನಾಡಿಮಿಡಿತಕ್ಕೆ ಇನ್ನೊಂದು ಉಪಾಯ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ತುಂಬಿದಾಗ ಹಿಂದಿರುಗುವ ಬೆಳಕು ಕಡಿಮೆಯಾಗುವುದನ್ನು ವಾಚಿನ ಬೆನ್ನಲ್ಲಿರುವ ಸಂವೇದಕ ಓದುತ್ತದೆ.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅರವತ್ತು ಜನರ ಮೇಲೆ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳು ಹೃದಯ ಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು, ಅದು ಮೆಚ್ಚಬೇಕಾದ ನಿಖರತೆ. ಖರ್ಚಾದ ಕ್ಯಾಲರಿಯ ವಿಷಯದಲ್ಲಿ ಮಾತ್ರ ಏಳರಲ್ಲಿ ಅತ್ಯುತ್ತಮವಾದದ್ದೇ ಶೇ 27ರಷ್ಟು ತಪ್ಪಿತು. ಕೊನೆಯದರ ತಪ್ಪು ಶೇ 93. ವಾಚು ನಾನೂರು ಕ್ಯಾಲರಿ ಕರಗಿತೆಂದು ಹೇಳಿತೆಂದು ಸಂಜೆ ಒಂದು ಮಸಾಲೆ ದೋಸೆ ಹೆಚ್ಚಿಗೆ ತಿನ್ನುವವರು ಈ ಸಂಖ್ಯೆಗಳನ್ನು ಒಮ್ಮೆ ನೆನೆಯಬೇಕು. ನಿನ್ನೆಗಿಂತ ಇವತ್ತು ಹೆಚ್ಚು ನಡೆದೆನೇ ಎಂದು ತಿಳಿಯಲು ಅದೇ ವಾಚು ಸಾಕಷ್ಟು ಒಳ್ಳೆಯದು, ಏಕೆಂದರೆ ಅದರ ತಪ್ಪು ಎರಡು ದಿನವೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ.

ಈ ಸಾಧನಗಳು ತಾವಾಗಿಯೇ ನಮ್ಮನ್ನು ಆರೋಗ್ಯವಂತರಾಗಿಸುತ್ತವೆ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2016ರಲ್ಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನ್ ಜಾಕಿಸಿಕ್ ತೂಕ ಇಳಿಸಬೇಕಿದ್ದ 471 ಯುವಜನರನ್ನು ಎರಡು ವರ್ಷ ಅಧ್ಯಯನ ಮಾಡಿದರು. ಮೊದಲ ಆರು ತಿಂಗಳು ಎಲ್ಲರಿಗೂ ಒಂದೇ ಬಗೆಯ ಆಹಾರ, ವ್ಯಾಯಾಮ, ಗುಂಪಿನ ಸಲಹೆ. ಆಮೇಲೆ ಅರ್ಧದಷ್ಟು ಜನ ತಮ್ಮ ವ್ಯಾಯಾಮವನ್ನು ತಾವೇ ಬರೆದಿಟ್ಟುಕೊಂಡರು, ಉಳಿದವರಿಗೆ ಮೈಮೇಲೆ ಧರಿಸುವ ಸಾಧನ ಕೊಟ್ಟರು. ಎರಡು ವರ್ಷದ ಕೊನೆಗೆ ತಾವೇ ಬರೆದುಕೊಂಡವರು ಸರಾಸರಿ 5.9 ಕಿಲೊ ಇಳಿದಿದ್ದರು. ಸಾಧನ ಧರಿಸಿದವರು ಇಳಿದದ್ದು 3.5 ಕಿಲೊ.

ಅದೇ ವರ್ಷ ಸಿಂಗಪುರದ ಒಂದು ಪ್ರಯೋಗದ ಫಲಿತಾಂಶವೂ ಬಂತು. ಎರಿಕ್ ಫಿಂಕೆಲ್‌ಸ್ಟೀನ್ ಮತ್ತು ತಂಡದವರು ಹದಿಮೂರು ಸಂಸ್ಥೆಗಳ 800 ನೌಕರರನ್ನು ನಾಲ್ಕು ಗುಂಪು ಮಾಡಿದ್ದರು. ಒಂದು ಗುಂಪಿಗೆ ಏನೂ ಇಲ್ಲ, ಒಂದಕ್ಕೆ ಬರೀ ಫಿಟ್‌ಬಿಟ್, ಇನ್ನೊಂದಕ್ಕೆ ಫಿಟ್‌ಬಿಟ್ ಜತೆಗೆ ನಡೆದಷ್ಟಕ್ಕೆ ದಾನಸಂಸ್ಥೆಗೆ ಹಣ, ಕೊನೆಯದಕ್ಕೆ ಫಿಟ್‌ಬಿಟ್ ಜತೆಗೆ ಕೈಗೇ ಹಣ. ಆರು ತಿಂಗಳು ದುಡ್ಡು ಬರುತ್ತಿದ್ದಷ್ಟು ದಿನ ದುಡ್ಡಿನ ಗುಂಪು ಚೆನ್ನಾಗಿಯೇ ನಡೆಯಿತು. ದುಡ್ಡು ನಿಂತ ಮೇಲೆ ಮತ್ತೆ ಆರು ತಿಂಗಳು ಬಿಟ್ಟು ನೋಡಿದರೆ ಆ ಹೆಚ್ಚಳ ಕರಗಿಹೋಗಿತ್ತು. ವರ್ಷ ತುಂಬುವಷ್ಟರಲ್ಲಿ ಸಾಧನವನ್ನು ಇನ್ನೂ ಧರಿಸುತ್ತಿದ್ದವರು ಹತ್ತರಲ್ಲಿ ಒಬ್ಬರು ಮಾತ್ರ. ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಯಾವ ಗುಂಪಿನಲ್ಲೂ ಸುಧಾರಣೆ ಕಾಣಲಿಲ್ಲ.

ಬಹುಮಾನ ನಿಂತಾಗ ಆಸಕ್ತಿಯೂ ಬತ್ತುವುದನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲೇ ತೋರಿಸಿದ್ದರು. ತುಂಡುಗಳನ್ನು ಜೋಡಿಸುವ ಒಂದು ಒಗಟನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಕೆಲವರಿಗೆ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಟ್ಟರು. ಮುಂದಿನ ಸಲ ಡಾಲರ್ ಇಲ್ಲವೆಂದಾಗ, ಬಿಡುವಿನ ಹೊತ್ತಿನಲ್ಲಿ ಆ ಒಗಟನ್ನು ಮುಟ್ಟುವುದನ್ನೇ ಅವರು ಕಡಿಮೆ ಮಾಡಿದರು. ಹಣವಿಲ್ಲದೆ ಬರೀ ಅಳತೆಯಿಂದಲೂ ಇಂಥದೇ ಪರಿಣಾಮ ಆಗಬಹುದೆಂದು 2016ರಲ್ಲಿ ಜೋರ್ಡಾನ್ ಎಟ್ಕಿನ್ ಕೆಲವು ಪ್ರಯೋಗಗಳಿಂದ ತೋರಿಸಿದರು. ಪೆಡೋಮೀಟರ್ ನೋಡುತ್ತ ನಡೆದವರು ಹೆಚ್ಚು ನಡೆದರು, ಆದರೆ ಆ ನಡಿಗೆ ಅವರಿಗೆ ಅಷ್ಟು ಹಿತವೆನಿಸಲಿಲ್ಲ. ಎಣಿಸತೊಡಗಿದ ಕೂಡಲೇ ಆಟ ಕೆಲಸವಾಗಿಬಿಡುತ್ತದೆ. ಲಾಲ್‌ಬಾಗಿನ ಕೆರೆಯ ಪಕ್ಕ ಬೆಳಗಿನ ಬಿಸಿಲಿನಲ್ಲಿ ಸ್ನೇಹಿತರೊಡನೆ ಹರಟುತ್ತ ಸುತ್ತು ಹಾಕುವವರು ವರ್ಷಾನುಗಟ್ಟಲೆ ಬರುತ್ತಲೇ ಇರುತ್ತಾರೆ. ಆ ಹರಟೆಯೇ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತದೆ ಎಂದು ನನಗನಿಸುತ್ತದೆ. ಅಂಥವರ ಕೈಗೆ ವಾಚು ಕಟ್ಟಿ ಹತ್ತು ಸಾವಿರದ ಗುರಿ ಕೊಡುವ ಮುನ್ನ ಅವರ ಮಕ್ಕಳು ಎರಡು ಸಲ ಯೋಚಿಸಲಿ.

ಇಷ್ಟು ಓದಿದ ಮೇಲೆ ವಾಚನ್ನು ಬಿಚ್ಚಿ ಡ್ರಾಯರಿಗೆ ಹಾಕಬೇಕೆನಿಸಬಹುದು. ಅದು ಬೇಡ. ಈ ಪ್ರಯೋಗಗಳಲ್ಲಿ ಸೋತದ್ದು ಎಣಿಕೆಯೋ, ಎಣಿಕೆಯನ್ನು ನಾವು ಕಟ್ಟಿಕೊಂಡ ರೀತಿಯೋ ಎಂದು ಕೇಳಬೇಕು. ನನ್ನ ಉತ್ತರ ಎರಡನೆಯದು. ನಾವು ವಾಚನ್ನು ಗೆದ್ದ ದಿನಗಳ ದಾಖಲೆಯಾಗಿ ಬಳಸುತ್ತೇವೆ. ವ್ಯಾಯಾಮದ ಅಭ್ಯಾಸ ಉಳಿಯುವುದು ಅಥವಾ ಹೋಗುವುದು ತೀರ್ಮಾನವಾಗುವುದು ಮಾತ್ರ ಸೋತ ದಿನಗಳ ಆಸುಪಾಸಿನಲ್ಲಿ.

ಅಭ್ಯಾಸ ಬೆಳೆಯಲು 21 ದಿನ ಸಾಕೆಂಬ ಮಾತು ಎಲ್ಲೆಡೆ ಓಡಾಡುತ್ತದೆ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಹಿಡಿಯುತ್ತದೆ ಎಂದು ಬರೆದದ್ದೇ ಕಾಲಕ್ರಮದಲ್ಲಿ ಹೀಗೆ ರೂಪ ತಾಳಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಇದನ್ನು ನಿಜವಾಗಿ ಅಳೆಯಲು ಹೊರಟರು. 96 ಜನ ತಮಗೆ ಬೇಕಾದ ಒಂದು ಸಣ್ಣ ಹೊಸ ಅಭ್ಯಾಸವನ್ನು ಆರಿಸಿಕೊಂಡು ಹನ್ನೆರಡು ವಾರ ಪಾಲಿಸಿದರು. ಊಟದ ಜತೆ ಒಂದು ಹಣ್ಣು, ರಾತ್ರಿಯೂಟಕ್ಕೆ ಮುನ್ನ ಸ್ವಲ್ಪ ಓಟ, ಹೀಗೆ. ಯೋಚಿಸದೆಯೇ ಆ ಕೆಲಸ ಆಗುವ ಹಂತಕ್ಕೆ ಬರಲು ಬೇಕಾದ ಕಾಲದ ಮಧ್ಯಾಂಕ 66 ದಿನ. ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ ಅಂದಾಜು 254 ದಿನ. 2010ರಲ್ಲಿ ಈ ಅಧ್ಯಯನ ಪ್ರಕಟವಾದಾಗ ಎಲ್ಲರೂ 66 ಎಂಬ ಅಂಕಿಯನ್ನು ಹಿಡಿದುಕೊಂಡರು. ಅದರೊಳಗಿನ ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯವಾದದ್ದು: ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವ ವೇಗಕ್ಕೆ ಗಣನೀಯವಾದ ಧಕ್ಕೆ ಆಗುತ್ತಿರಲಿಲ್ಲ.

ಧಕ್ಕೆ ಆಗುವುದು ಆ ದಿನಕ್ಕೆ ನಾವು ಕೊಡುವ ಅರ್ಥದಿಂದ. ಡಯೆಟ್ ಮಾಡುವವರನ್ನು ಬಹುಕಾಲ ಅಧ್ಯಯನ ಮಾಡಿದ ಟೊರಾಂಟೊದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಇದನ್ನು ಚೆನ್ನಾಗಿ ಬಲ್ಲರು. ಪಥ್ಯದಲ್ಲಿರುವವರಿಗೆ ಪ್ರಯೋಗದ ನೆಪದಲ್ಲಿ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಮುಂದಿಟ್ಟರೆ ಅವರು ಕಡಿಮೆ ತಿನ್ನಬೇಕಲ್ಲವೇ? ಹೆಚ್ಚು ತಿನ್ನುತ್ತಿದ್ದರು. ಹೇಗೂ ಕೆಟ್ಟಿತಲ್ಲ, ಇವತ್ತೊಂದು ದಿನ ಹೋಗಲಿ, ನಾಳೆ ನೋಡೋಣ ಎಂಬ ಭಾವ. ಎಡೆಬಿಡದ ದಿನಗಳ ಸರಣಿಯನ್ನು, ಆ್ಯಪ್‌ಗಳು ಸ್ಟ್ರೀಕ್ ಎನ್ನುತ್ತವಲ್ಲ, ಅದನ್ನು ನಾನು ಅಪಾಯವೆನ್ನುವುದು ಈ ಕಾರಣಕ್ಕೆ. ನೂರು ದಿನ ನಡೆದವರು ನೂರೊಂದನೆಯ ದಿನ ಜ್ವರದಲ್ಲಿ ಮಲಗಿದರೆ ಪರದೆಯ ಮೇಲೆ ಸೊನ್ನೆ ಬರುತ್ತದೆ. ಹೃದಯಕ್ಕೆ, ಮೊಣಕಾಲಿಗೆ, ರಕ್ತನಾಳಕ್ಕೆ ಆ ಸೊನ್ನೆ ಗೊತ್ತಿಲ್ಲ. ನೂರು ದಿನದ ನಡಿಗೆ ಅಲ್ಲೆಲ್ಲ ಕೂಡಿಕೊಂಡೇ ಇದೆ. ಸುಳ್ಳು ಹೇಳುತ್ತಿರುವುದು ಪರದೆ. ಆ ಸುಳ್ಳನ್ನು ನಂಬಿ ಜನ ಶೂ ಬಿಚ್ಚಿಡುತ್ತಾರೆ ಎಂಬುದು ನನಗೆ ಬಹಳ ಬೇಸರದ ವಿಷಯ.

ಇದಕ್ಕೆ ಮದ್ದು ಹುಡುಕಿದವರಿದ್ದಾರೆ. ಮರಿಸಾ ಶರೀಫ್ ಮತ್ತು ಸುಝಾನ್ ಶು ತಮ್ಮ ಒಂದು ಪ್ರಯೋಗದಲ್ಲಿ ಜನರಿಗೆ ದಿನವೂ ಒಂದು ಬೇಸರದ ಕಂಪ್ಯೂಟರ್ ಕೆಲಸ ಕೊಟ್ಟರು. ಕೆಲವರಿಗೆ ವಾರದ ಏಳು ದಿನದ ಗುರಿ, ಕೆಲವರಿಗೆ ಐದು ದಿನದ ಗುರಿ. ಮೂರನೆಯ ಗುಂಪಿಗೆ ಏಳು ದಿನವೇ, ಆದರೆ ತುರ್ತು ಬಿದ್ದರೆ ಎರಡು ದಿನ ಮಾಫಿ. ಐದು ದಿನದ್ದಕ್ಕೂ ಮಾಫಿಯ ಏಳು ದಿನದ್ದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಆದರೂ ಗುರಿ ಮುಟ್ಟಿದವರು ಮೊದಲ ಗುಂಪಿನಲ್ಲಿ ಶೇ 21, ಎರಡನೆಯದರಲ್ಲಿ ಶೇ 26, ಮಾಫಿಯ ಗುಂಪಿನಲ್ಲಿ ಶೇ 53. ಗುರಿ ಎತ್ತರದಲ್ಲಿದ್ದು, ಜಾರಿದರೆ ಮತ್ತೆ ಹತ್ತಲು ಜಾಗವಿದ್ದಾಗ ಮನಸ್ಸು ಹೆಚ್ಚು ಕಾಲ ನಿಲ್ಲುತ್ತದೆ.

2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, ಈ ಕ್ಷೇತ್ರದ ಅತಿ ದೊಡ್ಡ ಪ್ರಯೋಗಗಳಲ್ಲೊಂದು ಇದನ್ನೇ ಜಿಮ್ಮಿನಲ್ಲಿ ಕಂಡಿತು. ಕೇಟಿ ಮಿಲ್ಕ್‌ಮನ್ ನೇತೃತ್ವದಲ್ಲಿ ಮೂವತ್ತು ವಿಜ್ಞಾನಿಗಳು ಅಮೆರಿಕದ ಒಂದು ಜಿಮ್ ಸರಣಿಯ 61,293 ಸದಸ್ಯರ ಮೇಲೆ, ವ್ಯಾಯಾಮಕ್ಕೆ ಹುರಿದುಂಬಿಸುವ ಐವತ್ತಕ್ಕೂ ಹೆಚ್ಚು ಬಗೆಯ ಯೋಜನೆಗಳನ್ನು ನಾಲ್ಕು ವಾರ ಒಟ್ಟಿಗೆ ಪ್ರಯೋಗಿಸಿದರು. ಅಷ್ಟರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಫಲಿಸಿದ್ದು ಯಾವುದು? ಬರಬೇಕಾದ ದಿನ ತಪ್ಪಿಸಿಕೊಂಡವರು ಮತ್ತೆ ಮರಳಿ ಬಂದಾಗ ಚಿಕ್ಕದೊಂದು ಬಹುಮಾನ ಕೊಡುವ ಯೋಜನೆ. ಆ ಬಹುಮಾನದ ಬೆಲೆ ಸುಮಾರು ಒಂಬತ್ತು ಸೆಂಟ್, ನಮ್ಮ ಲೆಕ್ಕದಲ್ಲಿ ಬೆರಳೆಣಿಕೆಯ ರೂಪಾಯಿ. ಜಿಮ್ಮಿನ ಭೇಟಿಗಳು ಶೇ 27ರಷ್ಟು ಏರಿದವು. ಯಾವುದು ಫಲಿಸುತ್ತದೆಂದು ಮೊದಲೇ ಊಹಿಸಲು ಕೇಳಿದಾಗ ಪರಿಣತರೂ ಎಡವಿದ್ದರು. ನಾಲ್ಕು ವಾರ ಮುಗಿದ ಮೇಲೂ ಪರಿಣಾಮ ಉಳಿದದ್ದು ಎಲ್ಲ ಯೋಜನೆಗಳಲ್ಲಿ ಶೇ 8ರಷ್ಟರಲ್ಲಿ ಮಾತ್ರ ಎಂಬುದನ್ನೂ ಮುಚ್ಚಿಡಬಾರದು.

ಅದೇ ಮಿಲ್ಕ್‌ಮನ್ ಹಿಂದೊಮ್ಮೆ ಇನ್ನೊಂದು ಉಪಾಯ ಮಾಡಿದ್ದರು. ಮುಂದೇನಾಯಿತೆಂದು ಕೇಳಲೇಬೇಕೆನಿಸುವ ಕಾದಂಬರಿಗಳ ಆಡಿಯೊ ಪುಸ್ತಕಗಳನ್ನು ಜಿಮ್ಮಿನಲ್ಲಿ ಮಾತ್ರ ಕೇಳಲು ಸಿಗುವಂತೆ ಇಟ್ಟರು. ಮೊದಲಿಗೆ ಭೇಟಿಗಳು ಶೇ 51ರಷ್ಟು ಹೆಚ್ಚಿದವು. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ ಬಂತು, ಎಲ್ಲರೂ ಊರಿಗೆ ಹೋದರು, ಬಂದ ಮೇಲೆ ಆ ಹುರುಪು ಬಹಳಮಟ್ಟಿಗೆ ಇಳಿದುಹೋಗಿತ್ತು. ನಮ್ಮ ವರ್ಷವನ್ನು ನೋಡಿ: ಮಳೆಗಾಲ, ಗಣೇಶನ ಹಬ್ಬ, ದಸರಾ, ಮದುವೆಯ ಸೀಸನ್, ಮಕ್ಕಳ ಪರೀಕ್ಷೆ. ಎಡೆಬಿಡದ ನಡಿಗೆಯ ಕನಸು ಈ ಪಂಚಾಂಗದ ಜತೆ ಹೊಂದುವುದೇ ಇಲ್ಲ.

ಪ್ರೇರಣೆಯ ಮಾತು ಎಲ್ಲವನ್ನೂ ವ್ಯಕ್ತಿಯ ತಲೆಗೆ ಕಟ್ಟುತ್ತದೆಂಬುದನ್ನೂ ಹೇಳಬೇಕು. 2024ರಲ್ಲಿ ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಂದಾಜಿನಂತೆ, ಭಾರತದ ವಯಸ್ಕರಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು 2000ದಲ್ಲಿ ಶೇ 22ರಷ್ಟಿದ್ದರು. 2022ರ ಹೊತ್ತಿಗೆ ಸುಮಾರು ಅರ್ಧಕ್ಕೆ ಮುಟ್ಟಿದರು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಬೆಳಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟಿ, ಆಫೀಸು ಮುಗಿಸಿ, ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ಕೊರತೆಯಾಗಿರುವುದು ಮನೋಬಲವಲ್ಲ. ನಲವತ್ತು ನಿಮಿಷ ಬಿಡುವು, ಬೀದಿದೀಪ, ಕಿತ್ತುಹೋಗದ ಫುಟ್‌ಪಾತ್. ಮನೆಯವರು ಒಂದು ಹೊತ್ತಿನ ಅಡುಗೆ ವಹಿಸಿಕೊಂಡರೆ ಅದು ಯಾವ ವಾಚಿಗಿಂತಲೂ ಹೆಚ್ಚು ಹೆಜ್ಜೆ ಕೊಡುತ್ತದೆ. ಒಂದು ಸಮಾಧಾನವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತನ್ನ ಮಾರ್ಗಸೂಚಿ ಪರಿಷ್ಕರಿಸಿದಾಗ, ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಚಟುವಟಿಕೆ ಬೇಕೆಂದಿತು, ಆದರೆ ಒಂದೊಂದು ಸಲವೂ ಹತ್ತು ನಿಮಿಷವಾದರೂ ಆಗಬೇಕೆಂಬ ಹಳೆಯ ಷರತ್ತನ್ನು ತೆಗೆದುಹಾಕಿತು. ಬಸ್‌ಸ್ಟಾಪಿಗೆ ಬಿರುಸಾಗಿ ನಡೆದ ನಾಲ್ಕು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ಇದನ್ನೆಲ್ಲ ಕೈಯಲ್ಲಿಟ್ಟುಕೊಂಡು ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದಿಷ್ಟು. ಮೊದಲ ವಾರ ಏನನ್ನೂ ಬದಲಿಸದೆ ಬರೀ ಎಣಿಸಿ. ಸರಾಸರಿ 3,000 ಬಂದರೆ ಗುರಿ 4,500 ಇರಲಿ. ಅದನ್ನು ದಿನದ ಲೆಕ್ಕದಲ್ಲಿಡದೆ ವಾರದ ಲೆಕ್ಕದಲ್ಲಿಡಿ, ಎರಡು ದಿನದ ಮಾಫಿಯನ್ನು ಮೊದಲೇ ಬರೆದುಕೊಳ್ಳಿ. ಆಮೇಲೆ ತಪ್ಪುವ ದಿನಕ್ಕೊಂದು ಯೋಜನೆ ಮಾಡಿ. 2002ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ಸಾರಾ ಮಿಲ್ನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ವ್ಯಾಯಾಮದ ಮಹತ್ವ ಓದಿದವರಲ್ಲಿ ಮುಂದಿನ ವಾರ ವ್ಯಾಯಾಮ ಮಾಡಿದವರು ಶೇ 35; ಅದರ ಜತೆಗೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂದು ಕಾಗದದ ಮೇಲೆ ಬರೆದುಕೊಟ್ಟವರಲ್ಲಿ ಶೇ 91. ಅದೇ ಕಾಗದದಲ್ಲಿ ಇನ್ನೊಂದು ಸಾಲಿಗೆ ಜಾಗವಿದೆ: ಊರಿಂದ ಮರಳಿದ ಮೊದಲ ಬೆಳಗ್ಗೆ, ಜ್ವರ ಬಿಟ್ಟು ಎರಡು ದಿನದ ಮೇಲೆ, ಆರೂವರೆಗೆ, ಹಾಲಿನ ಬೂತ್‌ವರೆಗೆ ಹೋಗಿ ಬರುವುದು.

ಆ್ಯಪ್ ಮಾಡುವವರಲ್ಲೂ ಒಂದು ಕೋರಿಕೆಯಿದೆ. ಬೆಂಗಳೂರಿನಲ್ಲೇ ಕೂತು ಇಂಥ ಪರದೆಗಳನ್ನು ವಿನ್ಯಾಸ ಮಾಡುವ ಎಷ್ಟೋ ಕನ್ನಡಿಗರಿದ್ದಾರೆ. ಎಡೆಬಿಡದ ದಿನಗಳ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಜಾಗದಲ್ಲಿ, ಕಳೆದ ಆರು ತಿಂಗಳಲ್ಲಿ ಬಳಕೆದಾರರು ಎಷ್ಟು ಸಲ ಬಿಟ್ಟು ಎಷ್ಟು ಸಲ ಮರಳಿ ಬಂದರು ಎಂಬುದನ್ನು ತೋರಿಸಿ. ತಪ್ಪಿದ ದಿನದ ಮಾರನೆಯ ಬೆಳಗ್ಗೆ ಹತ್ತು ಸಾವಿರ ಕೇಳಬೇಡಿ, ಒಂದು ಸಾವಿರ ಕೇಳಿ, ಅದಕ್ಕೇ ಆ ಕಂಪನ ಕೊಡಿ. ಅಂಥ ಪರದೆ ಸಿಗುವವರೆಗೆ ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕಾಗುತ್ತದೆ: ನಡೆದ ದಿನಕ್ಕೆ ಒಂದು ಗೆರೆ, ಬಿಟ್ಟು ಮರಳಿದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು.